ನೀರು ಮುಟ್ಟಿಸಬಾರದ ಚಿನ್ನದ ಗುಂಡು

ಶುಕ್ರವಾರ ಬೆಳಿಗ್ಗೆ ಒಡವೆಗಳನ್ನು ಅಂಟುವಾಳದ ಬಿಸಿನೀರಿನಲ್ಲಿ ತೊಳೆಯುವುದು ನಮ್ಮ ತಾರ್ನಾಕದ ಮನೆಯಲ್ಲಿ ಎಂದೂ ತಪ್ಪಿಲ್ಲ. ತೊಳೆಯದೆ ಬಿಡುತ್ತಿದ್ದುದು ಒಂದನ್ನೇ, ಅತ್ತೆ ಕೊಟ್ಟುಹೋದ ಚಿನ್ನದ ಗುಂಡನ್ನು. ನೋಡುವವರಿಗೆ ಅದು ಯಾವುದೋ ಹಳೆಯ ಸರದಿಂದ ಉಳಿದ ಬಿಡಿ ಗುಂಡು. ನಮಗೆ ಮಾತ್ರ ಹೆರಿಗೆಯ ಕಾವಲು. ನೋವು ಶುರುವಾದೊಡನೆ ಕರಿದಾರದಲ್ಲಿ ತೋಳಿಗೆ ಕಟ್ಟಬೇಕು. ಒಳಗೆ ಸನ್ಯಾಸಿಯೊಬ್ಬರು ಕೊಟ್ಟ ಬೇರು ಇದೆ, ನೀರು ಸೋಕಬಾರದು, ಗಂಡಸರು ಮುಟ್ಟಬಾರದು ಎಂದು ಅತ್ತೆ ಹೇಳಿದ್ದರು. ನನಗೂ ಕಟ್ಟಿದ್ದರು, ನನ್ನ ಸೊಸೆಗೆ ನಾನು ಕಟ್ಟಿದೆ. ಎಲ್ಲರೂ ಮಗುವಿನೊಂದಿಗೆ ಮನೆಗೆ ಬಂದೆವು.

ಮೊಮ್ಮಗಳಿಗೆ ಮೊದಲ ಬಸಿರು ನಿಂತಿರಲಿಲ್ಲ. ಈ ಸಲ ದಿನ ತುಂಬುತ್ತಿದ್ದಂತೆ ಗಚ್ಚಿಬೌಲಿಯಿಂದ ಫೋನ್ ಮಾಡಿದಳು. “ಅಜ್ಜಿ, ಆ ಗುಂಡು ಈಗಿಂದನ ಕಟ್ಟಿಬಿಡ್ರಿ. ನಗಬ್ಯಾಡ್ರಿ ಮತ್ತ.”

ಶುಕ್ರವಾರ ಸಂಜೆ ಬರುವವಳಿದ್ದಳು. ಬೆಳಿಗ್ಗೆ ಗುಂಡು ತೆಗೆದು ನೋಡಿದರೆ ಎಣ್ಣೆಜಿಡ್ಡು, ಕೊಳೆ. ಬಸುರಿಯ ತೋಳಿಗೆ ಇಂಥದ್ದನ್ನು ಕಟ್ಟುವುದು ನನ್ನಿಂದಾಗದು. ಒಂದೇ ಸಲ ಅದ್ದಿ ತೆಗೆದೆ. ಬಿಸಿಗೆ ಒಳಗಿನ ಅರಗು ಕರಗಿ ಮುಚ್ಚಳ ಬಿಟ್ಟುಕೊಂಡಿತು.

ಬಟ್ಟಲಲ್ಲಿ ತೇಲಿದ್ದು ಬೇರಲ್ಲ. ಒಣಗಿ ಕಪ್ಪಾದ ಹೊಕ್ಕುಳಬಳ್ಳಿಯ ತುಂಡು, ಅದಕ್ಕೆ ಸೂಲಗಿತ್ತಿ ಕಟ್ಟುವಂಥ ದಾರದ ಗಂಟು. ಮಕ್ಕಳನ್ನು ಹೆತ್ತವಳಿಗೆ ಗುರುತು ತಪ್ಪುವುದಿಲ್ಲ.

ಇದನ್ನು ಬಲ್ಲವರು ಯಾರಾದರೂ ಉಳಿದಿದ್ದರೆ ಅದು ಅತ್ತೆಯ ತಂಗಿ, ಮಲ್ಕಾಜ್‌ಗಿರಿಯ ಚಿಕ್ಕತ್ತೆ. ಫೋನ್ ಮಾಡಿದೆ. ಅವರಿಗೆ ಕಿವಿ ಮಂದ, ಫೋನನ್ನು ಬಾಯಿಯ ಮುಂದೆ ಹಿಡಿದು ಕೂಗಬೇಕು, ಅದಕ್ಕೆ ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲಿ ನಮ್ಮವರು ಪೇಪರ್ ಓದುತ್ತಿದ್ದರು. ಚಿಕ್ಕತ್ತೆ ಹೇಳಿದರು, “ಅಕ್ಕಗ ಮೊದಲ್ನೇದು ಹೆಣ್ಣು. ಹೆಸರಿಡೋ ಮೊದಲ ಹೋತು. ಮುಂದ ಬರೋ ಕೂಸುಗಳನ್ನ ಆಕಿನ ಕಾಯ್ತಾಳ ಅಂತ ಗುಂಡು ಮಾಡಿಸಿದ್ಲು. ಯಾರಿಗೂ ಹೇಳಬ್ಯಾಡ ಅಂದಿದ್ಲು.”

ನಮ್ಮವರು ಪೇಪರ್ ಮಡಚಿದರು. ಹಿರಿಮಗನೆಂದು ಈ ಮನೆಯ ಪ್ರತಿ ಕಾರ್ಯಕ್ಕೂ ಮುಂದೆ ನಿಂತವರು. “ಅಂದ್ರ ನಾ ಮೊದಲ್ನೇವ ಅಲ್ಲ?” ಎಂದಷ್ಟೇ ಕೇಳಿದರು. ಆಮೇಲೆ ಊಟಕ್ಕೂ ಏಳಲಿಲ್ಲ.

ತೀರಿಹೋದ ಕೂಸಿನ ತುಂಡನ್ನು ಹೆರುವವರ ತೋಳಿಗೆ ಕಟ್ಟುತ್ತ ಬಂದಿದ್ದೆವಲ್ಲ! ಇನ್ನು ಇದನ್ನು ಈ ಹುಡುಗಿಗೆ ಹೇಗೆ ಕಟ್ಟಲಿ? ತುಂಡನ್ನು ಒರೆಸಿ ಗುಂಡಿನೊಳಗಿಟ್ಟು ಮೇಣ ಹಚ್ಚಿ ಮುಚ್ಚಿದೆ. ಸಂಜೆ ಅವಳು ಬಂದು ನೀರು ಕುಡಿಯುವ ಮೊದಲೇ ಎಲ್ಲ ಹೇಳಿದೆ. ಬೇಡವೆಂದು ಎದ್ದುಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಏಳಲಿಲ್ಲ.

“ನಿಮಗ ಕಟ್ಟಿದಾಗೂ ಒಳಗ ಇದನ ಇತ್ತಲ್ರಿ?”

ಇತ್ತು ಎಂದೆ. ಅವಳು ತೋಳು ಮೇಲೆತ್ತಿದಳು.

ಗುಂಡನ್ನು ಕರಿದಾರಕ್ಕೆ ಪೋಣಿಸಿದೆ, ಗಂಟು ಹಾಕಲು ಮಾತ್ರ ಮನಸ್ಸು ಬರಲಿಲ್ಲ. ನಮ್ಮವರು ಎದ್ದು ಬಂದು ದಾರ ತೆಗೆದುಕೊಂಡರು. ಗಂಡಸರು ಮುಟ್ಟಬಾರದು ಎಂದು ಅತ್ತೆ ಹೇಳಿದ್ದು ನೆನಪಾಯಿತು, ಆದರೂ ತಡೆಯಲಿಲ್ಲ. ಅವರು ಬಿಗಿಯಾಗಿ ಕಟ್ಟಿ, ಗುಂಡಿನ ಮೇಲೆ ಬೆರಳಿಟ್ಟು, ಮೆಲ್ಲಗೆ “ಹುಷಾರಾಗಿ ನೋಡ್ಕೊ, ಅಕ್ಕಾ” ಎಂದರು.