ಅಮ್ಮ ಕಾಪಾಡಿದ ಜಿರಲೆಗಳು

ನಮ್ಮಮ್ಮ ಜಿರಲೆ ಕಂಡರೂ "ಪಾಪ" ಅನ್ನುವವಳು. ಕುಡಿಯುವ ನೀರು ಬಟ್ಟೆಯಲ್ಲಿ ಸೋಸಬೇಕು, ಕಸ ಮೆತ್ತಗೆ ಗುಡಿಸಬೇಕು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಕೋಣಂದೂರಿನ ನಮ್ಮ ಜೈನರ ಮನೆಗಳಲ್ಲಿ ಇದೆಲ್ಲ ಇದ್ದದ್ದೇ. ಅಮ್ಮನದ್ದು ಮಾತ್ರ ಒಂದು ಕೈ ಹೆಚ್ಚು. ಇರುವೆಗೆ ಸಕ್ಕರೆ ಉದುರಿಸಿ ಈ ಕಡೆ ತಿರುಗಿದರೆ ನನಗೆ, "ಹೋದ ಮನೇಲಿ ಬಾಳಕ್ಕಾಗ್ದೆ ಬಂದು ಕೂತಿದೀಯಲ್ಲ, ನಾಚಿಕೆ ಆಗಲ್ವಾ?" ನಾನು ಗಂಡನ ಮನೆ ಬಿಟ್ಟು ಬಂದು ವರ್ಷಗಳಾದವು. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟು ನನ್ನ ಅನ್ನ ನಾನೇ ದುಡಿಯುತ್ತೇನೆ. ಆದರೂ ದಿನಾ ಅದೇ ಮಂತ್ರ.

ಇಂಥ ಮನೆಗೆ ನಾನು ಚೇಳು ತಂದೆ. ಊರಿನವರ ಜೊತೆ ರಾಜಸ್ಥಾನದ ಕಡೆ ಯಾತ್ರೆಗೆ ಹೋಗಿದ್ದೆವು. ಬೇರೆಯವರೆಲ್ಲ ಪ್ರಸಾದ ಕಟ್ಟಿಸಿಕೊಂಡರೆ ನಾನು ಡಬ್ಬಿಯಲ್ಲಿ ಮರಳುಗಾಡಿನ ಪುಟ್ಟ ಚೇಳು ತುಂಬಿಕೊಂಡೆ. ಕಿರುಬೆರಳಿನಷ್ಟೂ ಇಲ್ಲದ, ಒಣಹುಲ್ಲಿನ ಬಣ್ಣದ ಜೀವಗಳು. ಯಾಕೆ ಅಂತ ಕೇಳಬೇಡಿ. ಬಾಯಿ ಇಲ್ಲದ ಯಾವುದಾದರೂ ಒಂದು ಈ ಮನೆಯಲ್ಲಿ ನನ್ನ ಜೊತೆ ಇರಲಿ ಅನ್ನಿಸಿತ್ತು.

ಮಳೆ ಹಿಡಿದದ್ದೇ ಸಾಯತೊಡಗಿದವು. ಕಾಲ ಸಂದಿಗೆಲ್ಲ ಬೂಷ್ಟು. ಅಲ್ಲ ಮಾರಾಯ್ರೇ, ಚಪ್ಪಲಿಗೇ ಬೂಷ್ಟು ಹಿಡಿಯುವ ಊರಲ್ಲಿ ಮರಳುಗಾಡಿನ ಪ್ರಾಣಿ ಉಳಿಯೋದುಂಟಾ! ನಾನೂ ಬಿಡಲಿಲ್ಲ. ಕಾವಲಿಯಲ್ಲಿ ರವೆ ಹುರಿದ ಹಾಗೆ ಮರಳು ಹುರಿದು ಹಾಕಿದೆ. ಪೆಟ್ಟಿಗೆಯೊಳಗೆ ಹಳೇ ಥರದ ಬಲ್ಬು ಉರಿಸಿದೆ. ಕೊನೆಗೆ ಒಂದು ಗಂಡು, ಒಂದು ಹೆಣ್ಣು ಉಳಿದವು.

ಒಂದು ಸಂಜೆ ಗಂಡು ಹೆಣ್ಣಿನ ಇಕ್ಕಳಗೈಗಳನ್ನು ತನ್ನ ಇಕ್ಕಳಗೈಯಲ್ಲಿ ಹಿಡಿದು ಚಪ್ಪಡಿ ಚೂರಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದಾಡಿತು. ಎಲ್ಲ ಮುಗಿದ ಮೇಲೆ ಅವಳು ಅವನನ್ನೇ ತಿಂದಳು. ಭಲೇ, ನನಗಿಂತ ಗಟ್ಟಿ, ನಾನು ಬರೀ ಬಿಟ್ಟು ಬಂದೆ ಅಂದುಕೊಂಡು ಜೋರಾಗಿ ನಕ್ಕೆ. ಆಮೇಲೆ ಹೊಳೆಯಿತು: ಗಂಡು ಇನ್ನಿಲ್ಲ. ಉಳಿದರೆ ಇದೊಂದು ಸೂಲು, ಹೋದರೆ ಎಲ್ಲ ಹೋಯಿತು. ಇಲ್ಲಿಗೆ ಹೇಳಿಸಿದ್ದಲ್ಲದ ಜೀವವನ್ನು ಇಲ್ಲಿಯೇ ಬದುಕಿಸಿ ಅಮ್ಮನ ಕಣ್ಣೆದುರು ಇಡಬೇಕು ಅನ್ನುವ ಹಟ ಹತ್ತಿತು.

ಚೇಳಿಗೆ ಜೀವಂತ ಜಿರಲೆಮರಿ ಬೇಕು. ಅದೇ ಜಗಳ. ಪ್ರತಿ ಸಲ ಹಾಕುವಾಗಲೂ ಅಮ್ಮ ಕಿವಿ ಮುಚ್ಚಿಕೊಂಡು ನವಕಾರ ಮಂತ್ರ ಹೇಳುತ್ತಿದ್ದಳು.

ಮರುವರ್ಷದ ಮಳೆಗಾಲಕ್ಕೆ ಹೆಣ್ಣು ಚೇಳಿನ ಹೊಟ್ಟೆ ತುಂಬಿ ಪಕ್ಕೆಗಳು ಬಿರಿಯುವಂತಾದವು. ಅದೇ ಹೊತ್ತಿಗೆ ಸಾಗರದಲ್ಲಿ ಅಕ್ಕನಿಗೆ ಹೆರಿಗೆ. ಬಾಣಂತನಕ್ಕೆ ಅಮ್ಮ ಹೋಗಬೇಕಿತ್ತು. ಆದರೆ ಚಾತುರ್ಮಾಸದಲ್ಲಿ ಊರು ಬಿಡುವುದಿಲ್ಲ ಅಂತ ಅವಳ ವ್ರತ. ಓಡಾಡಿದರೆ ಹುಳ ಹುಪ್ಪಟೆ ಕಾಲಿಗೆ ಸಿಕ್ಕಿ ಸಾಯುತ್ತವಲ್ಲ! ನಾನೇ ಹೊರಟೆ. ಪೆಟ್ಟಿಗೆಯೊಳಗೆ ಜಿರಲೆಗಳನ್ನು ಧಾರಾಳವಾಗಿ ಬಿಟ್ಟು, ಅವುಗಳಿಗೆ ಸೌತೆಕಾಯಿ ಚೂರು ಹಾಕಿ, "ಮುಟ್ಬೇಡ, ಬಲ್ಬು ಆರಿಸ್ಬೇಡ" ಅಂತ ಅಮ್ಮನಿಗೆ ಹೇಳಿ ಬಸ್ಸು ಹತ್ತಿದೆ.

ತಿಂಗಳು ಕಳೆದು ಬಂದು ಮುಚ್ಚಳ ತೆಗೆದೆ. ಬಲ್ಬು ಉರಿಯುತ್ತಿತ್ತು. ಚೇಳಿನ ಬೆನ್ನ ಮೇಲೆ ಅಕ್ಕಿ ನುಚ್ಚಿನ ಹಾಗೆ ಬೆಳ್ಳಗೆ ಮರಿಗಳು! ಖುಷಿಗೆ ಕೂಗಿಬಿಟ್ಟೆ. ಅಷ್ಟರಲ್ಲಿ ಅವಳು ಇಕ್ಕಳಗೈ ಹಿಂದೆ ಚಾಚಿ ಒಂದು ಮರಿಯನ್ನು ಎಳೆದುಕೊಂಡು ಬಾಯಿಗಿಟ್ಟಳು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಪೆಟ್ಟಿಗೆಯಲ್ಲಿ ಜಿರಲೆಯ ಒಂದು ರೆಕ್ಕೆಯೂ ಇರಲಿಲ್ಲ.

ಅಮ್ಮ ಸಂಜೆ ಊಟಕ್ಕೆ ಕೂತಿದ್ದಳು. "ಜಿರಲೆ ಏನ್ಮಾಡ್ದೆ?" ಅಂತ ಕೇಳಿದೆ.

"ನೀನು ಬಸ್ ಹತ್ತಿದ್ದೇ ಇಕ್ಕಳದಲ್ಲಿ ತೆಗ್ದು ಹಿತ್ಲಿಗೆ ಬಿಟ್ಟೆ. ಪಾಪ, ಒಳಗೆ ಸಾಯಕ್ಕೆ ಕಾಯ್ತಾ ಇದ್ವು."

"ಚೇಳು ಹಸಿದ್ರೆ?"

"ಅದು ಅದರ ಕರ್ಮ. ಹಿಂಸೆ ನನ್ನ ತಲೆಗೆ ಬೇಡ."

ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆ ತಂದು ಅವಳ ತಟ್ಟೆ ಪಕ್ಕ ಕುಕ್ಕಿದೆ. "ನೋಡು! ನೀನು ಕಾಪಾಡಿದ್ದು ಕಣ್ಣು ಬಿಟ್ಟು ನೋಡು!" ಇನ್ನೊಂದು ಮರಿಯ ಕಾಲು ತಾಯಿಚೇಳಿನ ಬಾಯಲ್ಲಿ ಅಲ್ಲಾಡುತ್ತಿತ್ತು. ಅಮ್ಮ ನೋಡಿದಳು. ಮುಖ ತಿರುಗಿಸಲಿಲ್ಲ.

"ಪುಣ್ಯವಂತೆ," ಅಂದಳು. "ಹೆತ್ತ ಕೂಡ್ಲೇ ಬುದ್ಧಿ ಬಂತು ಅದಕ್ಕೆ. ನಂಗೆ ಬರ್ಲಿಲ್ಲ."

ಹೇಳಿ ಕಿಟಕಿಯ ಬೆಳಕು ನೋಡಿದಳು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ ಎದ್ದಳು.

ಗ್ಯಾಸ್ ಒಲೆ ಕೆಳಗೆ ಒಂದು ಜಿರಲೆ ಹಿಡಿದು ತಂದು ಹಾಕುವಷ್ಟರಲ್ಲಿ ಚೇಳಿನ ಬೆನ್ನು ಖಾಲಿ. ಜಾರಿಬಿದ್ದ ಒಂದೇ ಮರಿ ಮೂಲೆಯಲ್ಲಿ ಮುದುರಿಕೊಂಡಿತ್ತು. ಪೊರೆ ಬಿಡುವವರೆಗೆ ಮರಿಗೆ ತಾಯಿ ಬೆನ್ನೇ ಗತಿ, ಇಳಿಸಿದರೆ ಉಳಿಯುವುದು ಕಷ್ಟ. ಹತ್ತಿಸಿದರೆ ಇವಳು ತಿನ್ನುತ್ತಾಳೆ. ಬ್ರಷ್ಷಿನ ತುದಿಯಲ್ಲಿ ಎತ್ತಿ ಬೇರೆ ಡಬ್ಬಿಯಲ್ಲಿಟ್ಟು ಬಲ್ಬಿನ ಕೆಳಗೆ ಇರಿಸಿದೆ.

ಬೆಳಿಗ್ಗೆ ಅದು ಸೆಟೆದುಕೊಂಡಿತ್ತು. ಅಮ್ಮ ಮೊದಲ ಸಲ ತಾನಾಗಿ ಬಂದು ನನ್ನ ಹಿಂದೆ ನಿಂತಳು.

"ಹೋಯ್ತಾ?"

"ಹ್ಞೂಂ."

"ಪಾಪ," ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾಟಕ ಅಲ್ಲ, ನಿಜವಾದ ಕಣ್ಣೀರು.

ಗಂಡನ ಮನೆಯಿಂದ ಬಂದ ದಿನ ನಾನು ಇದೇ ಬಾಗಿಲಲ್ಲಿ ಬ್ಯಾಗ್ ಹಿಡಿದು, ಬೆನ್ನಿನ ಬಾಸುಂಡೆಗಳನ್ನು ತೋರಿಸಿ ನಿಂತಿದ್ದೆ. ಅವತ್ತು ಅಮ್ಮ ಬೆನ್ನು ನೋಡಿ ಕೇಳಿದ್ದು, "ಯಾವ ಬಸ್ಸಿಗೆ ವಾಪಸ್ ಹೋಗ್ತೀಯ?" ಅಂತ.