ಈರಣ್ಣನ ಪಿಕಪ್ಪನ್ನು ಎತ್ತರಿಸಿದ್ದು

1950ರಲ್ಲಿ ನಾನು ಬಳ್ಳಾರಿಯ ಒಂದು ಮೋಟಾರ್ ಶೆಡ್ಡಿನಲ್ಲಿ ಹೆಡ್ ಫಿಟರ್ ಆಗಿದ್ದೆ. ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜಿಗಿಟ್ಟ ಲಾರಿ, ಜೀಪುಗಳು ಊರೂರಿಗೆ ಬಂದಿದ್ದವು. ಜನ ಅವನ್ನು ಡಿಸ್ಪೋಸಲ್ ಗಾಡಿ ಎನ್ನುತ್ತಿದ್ದರು. ಅವನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದೇ ನಮ್ಮ ಹೊಟ್ಟೆಪಾಡು. ನನ್ನ ಕೈಕೆಳಗೆ ಐದು ಜನ ಕೆಲಸಗಾರರಿದ್ದರು. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂಬ ಹೆಸರಿತ್ತು. ಆ ಹೆಸರಿಗಿಂತ ನನ್ನ ಜಂಬ ದೊಡ್ಡದಿತ್ತು.

ಸಿರುಗುಪ್ಪದ ಈರಣ್ಣ ಪಿಕಪ್ ತಂದು ನಿಲ್ಲಿಸಿದ್ದು ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಯುದ್ಧದಲ್ಲಿ ಅಸ್ಸಾಮಿನ ಗುಡ್ಡಗಳಲ್ಲಿ ಮಿಲಿಟರಿ ಲಾರಿ ಓಡಿಸಿ ಬಂದವನು. ಹೊಲವಿಲ್ಲ, ಬೇರೆ ಕಸುಬಿಲ್ಲ, ಗೊತ್ತಿದ್ದದ್ದು ಸ್ಟೇರಿಂಗ್ ಒಂದೇ. ಮೂರು ವರ್ಷ ಇನ್ನೊಬ್ಬರ ಬಸ್ಸು ಓಡಿಸಿ, ಹೆಂಡತಿಯ ಕೊರಳಲ್ಲಿದ್ದದ್ದನ್ನೂ ಮಾರಿ, ಹರಾಜಿನಲ್ಲಿ ಆ ಗಾಡಿ ಹಿಡಿದಿದ್ದ. ಕುರುಗೋಡಿನ ಸುತ್ತಲಿನ ಹೊಲಗಳಿಂದ ಹತ್ತಿ ತುಂಬಿ ಬಳ್ಳಾರಿಯ ಜಿನ್ನಿಂಗ್ ಮಿಲ್ಲಿಗೆ ಹಾಕುವುದು ಅವನ ಯೋಜನೆ. ಹತ್ತಿ ಬಿಡಿಸುವ ಹೊತ್ತಿಗೆ ಗಾಡಿ ತಯಾರಾಗಬೇಕಿತ್ತು.

ತೊಂದರೆ ಇದ್ದದ್ದು ದಾರಿಯಲ್ಲಿ. ನಮ್ಮ ಎರೆಮಣ್ಣಿನ ದಾರಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಯಲ್ಲಿ ಎತ್ತಿನ ಗಾಡಿಗಳು ಎರಡು ಆಳವಾದ ಜಾಡು ಕೊರೆದುಬಿಡುತ್ತವೆ. ಬಿಸಿಲು ಬಿದ್ದಾಗ ಜಾಡುಗಳ ನಡುವಿನ ದಿಬ್ಬ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಮೋಟಾರಿನ ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಎಂಬ ಕಬ್ಬಿಣದ ಗುಂಡು ಪೆಟ್ಟಿಗೆ ಜೋಲಾಡುತ್ತಿರುತ್ತದೆ. ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೂ ಹಂಚುವುದು ಅದೇ. ಆ ಪೆಟ್ಟಿಗೆ, ಅದರ ಮುಂದಿನ ಸೈಲೆನ್ಸರ್, ಎಣ್ಣೆಯ ಟ್ಯಾಂಕು ಎಲ್ಲ ದಿಬ್ಬಕ್ಕೆ ಉಜ್ಜುತ್ತಿದ್ದವು. ಮೊದಲ ಸಲವೇ ಈರಣ್ಣನ ಗಾಡಿ ಹೊಟ್ಟೆಯ ಮೇಲೆ ಕೂತು, ಎತ್ತು ಹೂಡಿ ಎಳೆಸಿಕೊಂಡಿತ್ತು.

ಅವನ ಕೈಯಲ್ಲಿದ್ದ ಹಣಕ್ಕೆ ನಾಲ್ಕು ಹೊಸ ಟೈರು ಬರುತ್ತಿದ್ದವು, ಇಲ್ಲವೇ ಗಾಡಿಯನ್ನು ಎತ್ತರಿಸಿ ಹಳೆಯ ಟೈರಿನಲ್ಲೇ ಓಡಿಸಬೇಕಿತ್ತು. ನಾನು ನಡುವಿನ ದಾರಿ ಹೇಳಿದೆ. ಮುಂದಿನ ಎರಡು ಚಕ್ರಕ್ಕೆ ಹೊಸ ಟೈರು, ಯಾಕೆಂದರೆ ಗಾಡಿಯ ದಿಕ್ಕು ತಿರುಗಿಸುವುದು ಅವು. ಅಲ್ಲಿ ಟೈರು ಒಡೆದರೆ ಗಾಡಿ ಕೈಗೆ ಸಿಗುವುದಿಲ್ಲ. ಹಿಂದಕ್ಕೆ ದಪ್ಪ ಹಲ್ಲಿನ ದೊಡ್ಡ ಮಿಲಿಟರಿ ಟೈರು, ಅರ್ಧ ಸವೆದದ್ದು, ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ಮೇಲೆತ್ತುವುದು ಅದೇ. ಉಳಿದ ಹಣದಲ್ಲಿ ಮುಂದಿನ ಸ್ಪ್ರಿಂಗಿಗೆ ಎರಡೆರಡು ಪಟ್ಟಿ ಸೇರಿಸುವುದು, ಹಿಂದೆ ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ಜಾಲಿ ಕಟ್ಟಿಗೆಯ ತುಂಡು ಇಟ್ಟು ಉದ್ದನೆಯ ಯು ಬೋಲ್ಟಿನಿಂದ ಬಿಗಿಯುವುದು. ಒಟ್ಟು ಆರು ಅಂಗುಲ ಎತ್ತರ. ಟೈರಿನ ವಿಷಯದಲ್ಲಿ ನಾನು ಕೊಟ್ಟ ಸಲಹೆ ಈಗಲೂ ಸರಿ ಎನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ.

ಕಟ್ಟಿಗೆಯ ತುಂಡು ಕೆತ್ತಿಕೊಟ್ಟವನು ಎತ್ತಿನ ಗಾಡಿ ಮಾಡುವ ಬಡಿಗೇರ ಮೌನಾಚಾರಿ. ತುಂಡು ತಂದವನು ಸುಮ್ಮನೆ ಹೋಗಲಿಲ್ಲ. ಪಿಕಪ್ಪನ್ನು ಒಂದು ಸುತ್ತು ಹಾಕಿದ, ಏನು ಹೇರುತ್ತಾರೆಂದು ಕೇಳಿದ, ಹತ್ತಿ ಎಂದಾಗ ತನ್ನ ಅಳತೆಗೋಲನ್ನು ಚಕ್ರದಿಂದ ಚಕ್ರಕ್ಕೆ ಹಿಡಿದು ನೋಡಿದ.

“ಎತ್ತರ ಮಾಡಿದ್ರ ಅಗಲಾನೂ ಮಾಡಬೇಕ್ರಿ ಮೇಸ್ತ್ರಿ. ಹತ್ತಿ ಹೇರೋ ಗಾಡಿ ಅಳತಿನ ಬ್ಯಾರೆ ಐತಿ” ಎಂದ.

ನಾನು ನಕ್ಕೆ. ಬರೀ ನಗಲಿಲ್ಲ, ನನ್ನ ಹುಡುಗರ ಎದುರಿಗೇ ಅವನನ್ನು ಆಡಿಕೊಂಡೆ. ತೋಪಿನ ಗುಂಡು ಹೊತ್ತ ಗಾಡಿಗೆ ಹತ್ತಿ ಯಾವ ಲೆಕ್ಕ ಎಂದೆ. ನಮ್ಮ ಕಡೆಯವರೆಲ್ಲರ ತಲೆಯಲ್ಲಿ ಇರುವುದು ಅದೇ: ಹತ್ತಿ ಎಂದರೆ ಹಗುರ. ಹಗುರವೆಂದೇ ಅದನ್ನು ಕಟ್ಟುಗಟ್ಟಲೆ ಮೇಲಕ್ಕೇರಿಸುತ್ತಾರೆ, ತುಳಿದು ತುಳಿದು ಎರಡಾಳು ಎತ್ತರ ಮಾಡುತ್ತಾರೆ, ಅದರ ಮೇಲೆ ಹತ್ತಿಯ ಯಜಮಾನನೂ ಕೂರುತ್ತಾನೆ. ಗಾಡಿ ಉರುಳುವುದು ಭಾರದಿಂದಲ್ಲ, ಭಾರ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದರಿಂದ. ಇದು ಯಾವ ದೊಡ್ಡ ವಿದ್ಯೆಯೂ ಅಲ್ಲ. ನನಗೆ ಗೊತ್ತಿರಬೇಕಿತ್ತು. ನಾನು ಗಾಡಿಯ ಹೊಟ್ಟೆಯನ್ನಷ್ಟೇ ನೋಡಿದೆ, ಅದರ ತಲೆಯ ಮೇಲೆ ಏನು ಬರುತ್ತದೆಂದು ನೋಡಲಿಲ್ಲ.

ಹತ್ತಿ ಬಿಡಿಸಲು ಶುರುವಾಗಿ ಎರಡು ವಾರ ಈರಣ್ಣ ರಾಜನಂತೆ ಓಡಾಡಿದ. ಬಳ್ಳಾರಿಗೆ ಬಂದಾಗಲೆಲ್ಲ ಶೆಡ್ಡಿನ ಮುಂದೆ ನಿಲ್ಲಿಸಿ, ದಿಬ್ಬ ಒಂದೂ ತಾಗುವುದಿಲ್ಲವೆಂದು ಹೇಳಿ ಹೋಗುತ್ತಿದ್ದ. ಮೂರನೇ ವಾರ ಒಂದು ಮಧ್ಯಾಹ್ನ, ಕುರುಗೋಡಿನಿಂದ ಬಳ್ಳಾರಿಗೆ ಬರುವಾಗ ಒಂದು ಹಳ್ಳದ ಇಳಿಜಾರಿನಲ್ಲಿ ಬಲಗಡೆಯ ಚಕ್ರ ಜಾಡಿನ ಅಂಚು ಹತ್ತಿತು. ಗಾಡಿ ಎಡಕ್ಕೆ ವಾಲಿತು, ಹತ್ತಿ ಅದನ್ನು ಇನ್ನಷ್ಟು ವಾಲಿಸಿತು, ಅಡ್ಡಬಿತ್ತು. ಮೇಲೆ ಕೂತಿದ್ದ ಹತ್ತಿಯ ಯಜಮಾನನ ತೊಡೆಯ ಮೂಳೆ ಮುರಿಯಿತು. ಈರಣ್ಣನಿಗೆ ತರಚು ಗಾಯ ಮಾತ್ರ.

ಸುದ್ದಿ ಬಂದಾಗ ಶೆಡ್ಡಿನ ಯಜಮಾನರು ನನ್ನನ್ನು ಒಳಗೆ ಕರೆದರು. ತುಂಗಭದ್ರಾ ಅಣೆಕಟ್ಟಿನ ಕೆಲಸಕ್ಕೆ ಓಡುತ್ತಿದ್ದ ಲಾರಿಗಳ ರಿಪೇರಿ ಗುತ್ತಿಗೆ ನಮಗೆ ಸಿಗುವುದರಲ್ಲಿತ್ತು. ನಾಳೆ ಮೋಟಾರ್ ಇನ್ಸ್‌ಪೆಕ್ಟರ್ ಗಾಡಿ ನೋಡಲು ಬರುತ್ತಾರೆ, ನಮ್ಮ ಶೆಡ್ಡಿನ ಹೆಸರು ಬರಬಾರದು, ಎಂದಷ್ಟೇ ಹೇಳಿದರು. ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಹೇಳಿದ್ದರೆ ಇಷ್ಟು ವರ್ಷ ಅವರನ್ನಾದರೂ ಬೈದುಕೊಂಡು ಇರುತ್ತಿದ್ದೆ.

ಬೆಳಗ್ಗೆ ಬೇಗ ಹಳ್ಳದ ಬಳಿಗೆ ಹೋದೆ. ಮೂಲದ ಗಿಡ್ಡ ಯು ಬೋಲ್ಟುಗಳನ್ನು ಚೀಲದಲ್ಲಿ ತಂದಿದ್ದೆ. ಗಾಡಿಯನ್ನು ಆಗಲೇ ಎತ್ತಿ ನಿಲ್ಲಿಸಿದ್ದರು. ಈರಣ್ಣ ಅದರ ಪಕ್ಕದಲ್ಲಿ ಕೂತಿದ್ದ, ಕಣ್ಣು ಊದಿದ್ದವು.

“ಎತ್ತಿನ ಗಾಡಿಗಿಂತ ಮೆಲ್ಲಕ ಹೊಂಟಿದ್ದೆ ಮೇಸ್ತ್ರಿ. ಹೆಂಗ ಬಿತ್ತೋ ತಿಳೀವಲ್ದು” ಎಂದ.

ನನಗೆ ತಿಳಿದಿತ್ತು. ಅವನು ಹಾಗೆಂದ ಗಳಿಗೆಯಲ್ಲೇ ಮೌನಾಚಾರಿಯ ಮಾತು ನೆನಪಾಗಿತ್ತು. ಆದರೆ ನಾನು ಹೇಳಿದ್ದು ಬೇರೆ.

“ಈ ಕಟಗಿ ನೋಡಿದ್ರಂದ್ರ ಪರವಾನಗಿ ಇಲ್ದ ಗಾಡಿ ಬದಲಿ ಮಾಡೀದಿ ಅಂತ ಜಪ್ತಿ ಮಾಡ್ತಾರ ಈರಣ್ಣ. ತಗದುಬಿಡೂಣು.”

ಅವನು ತಾನೇ ಜ್ಯಾಕ್ ಇಟ್ಟ. ಹಿಂದಿನ ಬೋಲ್ಟುಗಳನ್ನು ತಾನೇ ಪಾನಾ ಹಾಕಿ ಬಿಚ್ಚಿದ, ತುಂಡುಗಳನ್ನು ಎಳೆದು ನನ್ನ ಕೈಗೆ ಕೊಟ್ಟ. ಮುಂದಿನ ಹೆಚ್ಚಿನ ಪಟ್ಟಿಗಳನ್ನೂ ಇಬ್ಬರೂ ಸೇರಿ ತೆಗೆದೆವು. ಬಿಸಿಲೇರುವ ಹೊತ್ತಿಗೆ, ಟೈರು ಬಿಟ್ಟರೆ, ಗಾಡಿ ಮಿಲಿಟರಿಯಿಂದ ಬಂದಾಗ ಹೇಗಿತ್ತೋ ಹಾಗೆ ನಿಂತಿತ್ತು. ಕೈ ಒರೆಸಿಕೊಳ್ಳುತ್ತಾ, “ನಿಮ್ಮ ಉಪಕಾರ ಮರಿಯಂಗಿಲ್ರಿ” ಎಂದ.

ಇನ್ಸ್‌ಪೆಕ್ಟರ್ ತೆಲುಗಿನವರು, ಶಿಸ್ತಿನ ಮನುಷ್ಯ. ಗಾಡಿಯ ಕೆಳಗೆ ಮಲಗಿ ನೋಡಿದರು, ಬ್ರೇಕು ಒತ್ತಿಸಿದರು, ಟೈರು ತಟ್ಟಿದರು, ಹಳ್ಳದ ಇಳಿಜಾರನ್ನು ಹೆಜ್ಜೆ ಹಾಕಿ ಅಳೆದರು. ಆಮೇಲೆ ಈರಣ್ಣನನ್ನು ದೂರ ನಿಲ್ಲಿಸಿ, ಈ ಗಾಡಿ ಇಂಥ ಕಡೆ ನಿಧಾನವಾಗಿ ಇಳಿದರೆ ಉರುಳುತ್ತದೆಯೇ ಎಂದು, ಮೋಟಾರ್ ಬಲ್ಲವನೆಂದು ನನ್ನನ್ನು ಕೇಳಿದರು.

“ಇಲ್ಲ ಸಾರ್, ಉರುಳೂದಿಲ್ಲ” ಎಂದೆ.

ಅದು ಸುಳ್ಳಲ್ಲ. ಆ ಹೊತ್ತಿಗೆ ಎದುರಿಗೆ ನಿಂತಿದ್ದ ಗಾಡಿ ಉರುಳುತ್ತಿರಲಿಲ್ಲ. ಹಾಗಾದರೆ ವೇಗವಾಗಿ ಬಂದಿದ್ದಾನೆ ಎಂದು ಅವರು ಬರೆದುಕೊಂಡರು. ಅವರ ತಪ್ಪೇನೂ ಇಲ್ಲ. ಯಾರೇ ಆಗಿದ್ದರೂ ಹಾಗೆಯೇ ಬರೆಯುತ್ತಿದ್ದರು. ಈರಣ್ಣನ ಲೈಸೆನ್ಸ್ ರದ್ದಾಯಿತು. ಓಡಿಸಲಾಗದ ಗಾಡಿಯನ್ನು ಅವನು ಸಿಕ್ಕ ಬೆಲೆಗೆ ಕೊಟ್ಟ. ಅಣೆಕಟ್ಟಿನ ಲಾರಿಗಳ ಗುತ್ತಿಗೆ ನಮಗೇ ಬಂತು, ನನ್ನ ಸಂಬಳವೂ ಏರಿತು.

ಅವನು ಕಾಲುವೆ ಕೆಲಸದಲ್ಲಿ ಮಣ್ಣು ಹೊರಲು ಸೇರಿದ. ಸಂತೆಗೆ ಬಂದಾಗ ನನ್ನನ್ನು ಕಂಡರೆ ತಲೆಯ ಮೇಲಿನ ಟವಲ್ ತೆಗೆದು ಕೈಮುಗಿಯುತ್ತಿದ್ದ. ಜಪ್ತಿಯಿಂದ ಗಾಡಿ ಉಳಿಸಿಕೊಟ್ಟ ಮನುಷ್ಯ ನಾನು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಕೈಮುಗಿಯುವುದನ್ನು ತಪ್ಪಿಸಿಕೊಳ್ಳಲು ನಾನು ಸಂತೆಯ ದಿನ ಬೇರೆ ಬೀದಿ ಹಿಡಿಯುತ್ತಿದ್ದೆ.

1953ರ ಬೇಸಿಗೆಯಲ್ಲಿ ಸಿರುಗುಪ್ಪದಿಂದ ಒಬ್ಬ ಹೊಸ ಪಿಕಪ್ ತಂದ. ಹತ್ತಿ ಸಾಗಿಸಬೇಕು, ಎತ್ತರ ಮಾಡಿಕೊಡಿ ಎಂದ. ಯಾರು ಕಳಿಸಿದರೆಂದು ಕೇಳಿದೆ.

“ಮಣ್ಣು ಹೊರೂ ಈರಣ್ಣ ಹೇಳಿದ್ರಿ. ಆ ಮೇಸ್ತ್ರಿ ಕೈಬಿಡೂ ಮನುಷ್ಯ ಅಲ್ಲ ಅಂದ.”

ಆಗುವುದಿಲ್ಲ ಎಂದೆ. ಯಾಕೆಂದು ಅವನು ಬಿಡದೆ ಕೇಳಿದ. ಒಂದು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಗಾಡಿ ಬರೆದೆ, ಅದರ ಮೇಲೆ ಹತ್ತಿ ಬರೆದೆ, ಎತ್ತರಿಸಿದರೆ ಎಲ್ಲಿ ವಾಲುತ್ತದೆ, ಎಷ್ಟೇ ನಿಧಾನವಾಗಿ ಓಡಿಸಿದರೂ ಯಾಕೆ ಬೀಳುತ್ತದೆ, ಅದರಲ್ಲಿ ಡ್ರೈವರನ ತಪ್ಪು ಯಾಕೆ ಇರುವುದಿಲ್ಲ ಎಂದು ಹೇಳಿದೆ. ಅವನು ತಲೆಯಾಡಿಸಿ, ತಿಳಿಯಿತೆಂದು ಹೊರಟುಹೋದ. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಗಾಡಿ ಕೆಡಿಸಿದ ಮೇಸ್ತ್ರಿಗೆ ಅದನ್ನು ಸರಿ ಮಾಡುವ ದಾರಿ ಇರುತ್ತದೆ, ತಾನು ಕೆಡಿಸಿದೆನೆಂದು ಹೇಳಬೇಕಾದ ದಿನವೇ ಹೇಳಿದರೆ. ಸೀಮೆಸುಣ್ಣದ ಆ ನಾಲ್ಕು ಗೆರೆಗಳನ್ನು ಹಳ್ಳದ ಬಳಿ ಇನ್ಸ್‌ಪೆಕ್ಟರ್ ಕೇಳಿದ್ದರು. ನಾನು ಅವನ್ನು ಎರಡು ವರ್ಷಕ್ಕೂ ಮೀರಿ ತಡವಾಗಿ, ಯಾವನೋ ಗುರುತಿಲ್ಲದವನಿಗೆ ಬರೆದು ತೋರಿಸಿದೆ. ಈರಣ್ಣನಿಗೆ ಇವತ್ತಿನವರೆಗೂ ತೋರಿಸಿಲ್ಲ.