ಕೌದಿ ಸೂಜಿಗಳ ನಡುವಿನ ಬೆಳಕು

ಹೂಲಿಯ ಪರಸಪ್ಪ ಟೆಲಿಫೋನ್ ಕೆಲಸಕ್ಕೆ ಸೇರಿದ್ದು ನೆಲ ಅಗೆಯುವ ಕೂಲಿಯಾಗಿ. ಸವದತ್ತಿಯಿಂದ ಬೈಲಹೊಂಗಲದ ಕಡೆಗೆ ರಸ್ತೆಯ ಬದಿಯಲ್ಲಿ ತಗ್ಗು ತೋಡಿ, ಕರಿಯ ಕೊಳವೆ ಹಾಸಿ, ಮತ್ತೆ ಮಣ್ಣು ಮುಚ್ಚುವುದು ಅವನ ಪಾಲಿಗೆ ಬಂದ ಕೆಲಸ. ಈ ಕೊಳವೆಯೊಳಗೆ ಏನು ಹೋಗುತ್ತದೆ ಎಂದು ಅವನು ಒಮ್ಮೆ ಕೂಲಿಗಳ ಮೇಲಿನ ಮುಕಾದಮನನ್ನು ಕೇಳಿದ.

"ಗಾಜಿನ ಎಳಿ ಹೋಗತೈತಿ. ಅದರಾಗ ಬೆಳಕು ಓಡತೈತಿ. ಬೆಳಕಿನ ಬೆನ್ನ ಮ್ಯಾಲ ಮಾತು ಕುಂತ ಹೋಗತೈತಿ," ಅಂದ ಮುಕಾದಮ.

ಪರಸಪ್ಪ ತಗ್ಗಿನಲ್ಲಿ ನಿಂತೇ ನಕ್ಕ. ಸಂಜೆ ಮನೆಗೆ ಹೋಗಿ ಹೆಂಡತಿ ಮುದಕವ್ವನಿಗೆ ಹೇಳಿದಾಗ ಅವಳೂ ನಕ್ಕಳು. "ಗಾಜು ಬಳಿ ಆಗತೈತಿ, ದಾರ ಹೆಂಗ ಆದೀತು? ಯಾರೋ ನಿಮ್ಮನ್ನ ಮಂಗ್ಯಾನ ಮಾಡ್ಯಾರ," ಅಂದಳು.

ಆದರೆ ಆ ಮಾತು ಅವನನ್ನು ಬಿಡಲಿಲ್ಲ. ಎಳೆ ಕೂಡಿಸುವವರು ಬಂದಾಗಲೆಲ್ಲ ಗುದ್ದಲಿ ಕೆಳಗಿಟ್ಟು ಅವರ ಪಕ್ಕ ಹೋಗಿ ಕುಳಿತ. ಚಹಾ ತಂದುಕೊಟ್ಟ, ಕೊಡೆ ಹಿಡಿದ, ಕೊನೆಗೆ ಕೆಲಸವನ್ನೂ ಕಲಿತ. ಎಳೆಯ ಮೇಲಿನ ಸಿಪ್ಪೆ ಸುಲಿಯುವುದು, ತುದಿಯನ್ನು ನೆಟ್ಟಗೆ ಕತ್ತರಿಸುವುದು, ಎರಡು ತುದಿಗಳನ್ನು ಯಂತ್ರದಲ್ಲಿ ಎದುರುಬದುರು ಇಟ್ಟು ಬೆಸೆಯುವುದು, ಎಲ್ಲವೂ ಅವನ ಕೈಗೆ ಹತ್ತಿತು. ಎರೆಮಣ್ಣು ಅಗೆದ ಒರಟು ಬೆರಳುಗಳು ಕೂದಲಿನಂಥ ಗಾಜನ್ನು ಮುರಿಯದೆ ಹಿಡಿಯುವುದನ್ನು ಕಂಡು ಅವನಿಗೇ ಸೋಜಿಗವಾಗುತ್ತಿತ್ತು.

ಒಂದೇ ಒಂದು ಸಂಗತಿ ಅವನನ್ನು ಕಾಡುತ್ತಿತ್ತು. ಎಳೆ ಎಲ್ಲಿ ಮುರಿದಿದೆ ಎಂದು ಹುಡುಕಲು ಬೆಳಗಾವಿಯಿಂದ ದೊಡ್ಡ ಯಂತ್ರ ಬರಬೇಕು. ಅದು ಎಳೆಯೊಳಗೆ ಬೆಳಕು ಬಿಟ್ಟು, ತಿರುಗಿ ಬಂದ ಬೆಳಕನ್ನು ಅಳೆದು, ಇಷ್ಟು ದೂರದಲ್ಲಿ ಮುರಿದಿದೆ ಎಂದು ಹೇಳುತ್ತಿತ್ತು. ಮೈಲಿಗಟ್ಟಲೆ ದೂರದ್ದು ಅದಕ್ಕೆ ಕಾಣುತ್ತಿತ್ತು. ತನ್ನ ಕಾಲ ಬುಡದ್ದು ಮಾತ್ರ ಕಾಣುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ.

ಎಲ್ಲವ್ವನ ಗುಡ್ಡದ ಆಟಿಕೆ ಅಂಗಡಿಗಳಿಗೆ ಆಗ ಕೆಂಪು ಬೆಳಕಿನ ಪುಟ್ಟ ಕೊಳವೆ ಬಂದಿತ್ತು. ಗುಂಡಿ ಒತ್ತಿದರೆ ದೂರದ ಗೋಡೆಯ ಮೇಲೆ ಕೆಂಪು ಚುಕ್ಕೆ ಕುಣಿಯುತ್ತಿತ್ತು. ಅದನ್ನು ನೋಡಿದ ಪರಸಪ್ಪನಿಗೆ ಒಂದು ವಿಚಾರ ಹೊಳೆಯಿತು. ಈ ಬೆಳಕನ್ನು ಎಳೆಯೊಳಗೆ ಹೊಗಿಸಿದರೆ, ಮುರಿದ ಜಾಗದಲ್ಲಿ ಅದು ಹೊರಗೆ ಸೋರಿ ಕೆಂಡದ ಹಾಗೆ ಕಾಣಬೇಕಲ್ಲ. ಕಣ್ಣಿಂದಲೇ ನೋಡಬಹುದು.

ಹೊಗಿಸುವುದೇ ಕಷ್ಟ. ಬೆಳಕಿನ ಎದುರಿಗೆ ಎಳೆಯ ತುದಿ ಒಂದಿಷ್ಟೂ ಅಲುಗದೆ ನಿಲ್ಲಬೇಕು. ಮನೆಯಲ್ಲಿ ಅವನು ಎಳೆಯ ತುಂಡು ಹಿಡಿದು ಯೋಚಿಸುತ್ತಿರುವಾಗ, ಮುದಕವ್ವ ಕೌದಿ ಹೊಲಿದು ಎರಡು ಸೂಜಿಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿದ್ದಳು. ಕೈಯಿಂದ ಜಾರಿದ ಎಳೆ ಉರುಳಿ ಹೋಗಿ ಆ ಎರಡು ಸೂಜಿಗಳ ನಡುವಿನ ಸಂದಿನಲ್ಲಿ, ಕಾಲುವೆಯಲ್ಲಿ ನೀರು ನಿಂತ ಹಾಗೆ, ನೆಟ್ಟಗೆ ಕುಳಿತಿತು.

ಮರುದಿನ ಮುದಕವ್ವ ಮನೆಯೆಲ್ಲ ಹುಡುಕಿದಳು.

"ಸೂಜಿ ಕಂಡ್ರೇನ್ರಿ?"

"ಇಲ್ಲ."

"ಮತ್ತ ಆ ಕಟಗಿ ತುಂಡಿನ ಮ್ಯಾಲ ಅಂಟಿಸಿದ್ದೇನು, ನಿಮ್ಮ ಮೀಸಿಯೇನು?"

ಹೊಸ ಸೂಜಿ ತಂದುಕೊಟ್ಟ ಮೇಲೆ ಅವಳು ಸುಮ್ಮನಾದಳು. ಸಲಕರಣೆ ಸಿದ್ಧವಾಯಿತು. ಕಟ್ಟಿಗೆಯ ತುಂಡು, ಅದರ ಮೇಲೆ ಎರಡು ಸೂಜಿ, ಅವುಗಳ ತಲೆಯ ಕಡೆಗೆ ಅರಗು ಹಾಕಿ ಕಟ್ಟಿಗೆಗೆ ಕೂಡಿಸಿದ ಆಟಿಕೆ ದೀಪ. ಆದರೆ ಬೆಳಕು ಒಂದು ಸುರುಳಿ ಎಳೆಯನ್ನು ದಾಟುವುದರೊಳಗೆ ಸತ್ತುಹೋಗುತ್ತಿತ್ತು. ಹೊಸ ಬ್ಯಾಟರಿ ಹಾಕಿದ, ಬೇರೆ ದೀಪ ತಂದ, ಸೂಜಿಗೆ ತುಕ್ಕು ಹಿಡಿಯಬಾರದೆಂದು ಎಣ್ಣೆ ಸವರಿದ. ಬೆಳಕು ಮುಂದೆ ಹೋಗಲೊಲ್ಲದು. ಜೊತೆಯಲ್ಲಿ ಕೆಲಸ ಮಾಡುವ ಶಟ್ಟೆಪ್ಪ ಎಲ್ಲರೆದುರಿಗೆ ಕೇಳುತ್ತಿದ್ದ, "ಪರಸಾ, ನಿನ್ನ ಬೆಳಕು ಇವತ್ತ ಹೊಸ್ತಿಲಾ ದಾಟೇತೇನಪಾ?"

ಸವದತ್ತಿಗೆ ಹೊಸದಾಗಿ ಬಂದ ಇಂಜಿನಿಯರು ಮೀನಾ ಮಾತ್ರ ನಗಲಿಲ್ಲ. ಧಾರವಾಡದವರು. ಸಲಕರಣೆಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದರು. "ಚಲೋ ಐತಿ ಪರಸಪ್ಪ. ದಸರಾ ಮುಗೀಲಿ, ಉಗರಗೋಳದಾಗ ಒಂದು ಎಳಿ ಸತ್ತೈತಿ. ದೊಡ್ಡ ಯಂತ್ರಕ್ಕ ಸಿಗವಲ್ದು, ಅಂದ್ರ ಕಟ್ಟಡದ ಒಳಗಽ ಎಲ್ಲೋ ಮುರದೈತಿ. ಅಲ್ಲಿ ತೋರಸ್ರಿ. ಬೆಳಕು ಸಿಕ್ಕರ ಇದು ನಮ್ಮ ಕೆಲಸದ ಚೀಲದಾಗ ಇರತೈತಿ. ಸಿಗದಿದ್ರ ನೆಲಾ ಒಡದು ಹೊಸ ಕೇಬಲ್ ಎಳಸೂದು, ಇದನ್ನ ಮರತುಬಿಡೂದು," ಅಂದರು.

ಪರಸಪ್ಪನಿಗೆ ಊಟ ರುಚಿಸದಾಯಿತು. ತನ್ನ ಬೆಳಕು ಎಷ್ಟು ದೂರ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮಹಾನವಮಿಯ ದಿನ ಅವನಿಗೆ ರಾಮದುರ್ಗದಲ್ಲಿ ಕೆಲಸ ಬಿತ್ತು. ಮನೆಯಲ್ಲಿ ಮುದಕವ್ವ ಖಂಡೆಪೂಜೆ ಮಾಡಿದಳು. ಕುಡುಗೋಲು, ಕೊಡಲಿ, ಗುದ್ದಲಿ, ಬೀಸುವ ಕಲ್ಲು, ಕತ್ತರಿ, ಒಂದನ್ನೂ ಬಿಡಲಿಲ್ಲ. ದುಡಿದು ಹಾಕುವ ವಸ್ತುವಿಗೆ ಆ ದಿನ ಎಲ್ಲವ್ವನ ಭಂಡಾರ ಬೀಳದಿದ್ದರೆ ಅದು ವರ್ಷವೆಲ್ಲ ಮುನಿಸಿಕೊಂಡಿರುತ್ತದೆ. ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟ ಗಂಡನ ಸಲಕರಣೆ ಅವಳ ಕಣ್ಣಿಗೆ ಬಿತ್ತು. ಮೊದಲೇ ಮುನಿಸಿಕೊಂಡ ವಸ್ತು ಅದು. ಬಟ್ಟೆ ಬಿಚ್ಚಿ, ಅರಿಷಿಣದ ಆ ಪುಡಿಯನ್ನು ಸೂಜಿಗಳ ಮೇಲೆ ಉದುರಿಸಿ, ಕೈಮುಗಿದು, ಮತ್ತೆ ಸುತ್ತಿಟ್ಟಳು.

ಬನ್ನಿ ಹಬ್ಬ ಕಳೆದ ಮರುದಿನ ಉಗರಗೋಳದ ಟೆಲಿಫೋನ್ ಕಟ್ಟಡದಲ್ಲಿ, ಮೀನಾ ಮತ್ತು ಶಟ್ಟೆಪ್ಪನ ಎದುರಿಗೆ, ಪರಸಪ್ಪ ಸಲಕರಣೆಗೆ ಸುತ್ತಿದ ಬಟ್ಟೆ ಬಿಚ್ಚಿದ. ಒಳಗೆಲ್ಲ ಹಳದಿ. ಗಾಜಿನ ಎಳೆಗೆ ಒಂದು ಕಣ ಧೂಳೂ ಆಗದು ಎಂದು ಕಲಿತವನು ಅವನು.

ಶಟ್ಟೆಪ್ಪ ಬಗ್ಗಿ ನೋಡಿದ. "ಅರಿಷಿಣಾ ಹಚ್ಚೀಯಲ್ಲೋ ಮಾರಾಯಾ. ದೀಪಕ್ಕ ಲಗ್ನ ಗೊತ್ತಾತೇನು? ಹೆಣ್ಣು ಯಾವೂರದು?"

"ಸುಮ್ಮನಿರಪಾ," ಅಂದ ಪರಸಪ್ಪ. ಊದಿದ, ಅರಿವೆಯಿಂದ ಒರೆಸಿದ. ಮೇಲಿನದು ಹೋಯಿತು. ಸಂದಿನ ಬುಡದಲ್ಲಿ ಎಣ್ಣೆ ಕುಡಿದು ಕುಳಿತದ್ದು ಮಾತ್ರ ಹೋಗಲಿಲ್ಲ.

"ಬಾಯಾರ, ಇನ್ನೊಂದಿನ ಬರೂಣೇನ್ರಿ? ಮನ್ಯಾಗ ಪೂಜಿ ಮಾಡಿಬಿಟ್ಟಾರ," ಎಂದು ಮೀನಾ ಅವರನ್ನು ಕೇಳಿದ.

"ಬಂದೇವಿ, ನೋಡೇ ಹೋಗೂಣ. ಹಚ್ಚರಿ," ಅಂದರು ಮೀನಾ.

ಕಿಟಕಿಗೆ ಗೋಣಿಚೀಲ ಕಟ್ಟಿ ಕತ್ತಲು ಮಾಡಿದರು. ಪರಸಪ್ಪ ಸತ್ತ ಎಳೆಯ ತುದಿ ಸುಲಿದು, ಕತ್ತರಿಸಿ, ಸೂಜಿಗಳ ನಡುವೆ ಮಲಗಿಸಿದ. ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡ. ನೋಡುವ ಧೈರ್ಯ ಅವನಿಗಿರಲಿಲ್ಲ.

ಶಟ್ಟೆಪ್ಪ ಕೇಬಲ್ಲಿನ ಗುಂಟ ನೋಡುತ್ತ ಒಳಗೆ ಹೋದ. ಆಮೇಲೆ ಒಳಗಿನ ಕೋಣೆಯಿಂದ ಶಟ್ಟೆಪ್ಪನ ದನಿ ಬಂತು, ಮೆಲ್ಲಗೆ, ಗುಡಿಯಲ್ಲಿ ಮಾತಾಡಿದ ಹಾಗೆ. "ಪರಸಾ, ಇಲ್ಲಿ ಬಾ."

ಆ ಕೋಣೆಯ ಗೋಡೆಯ ಮೂಲೆಯಲ್ಲಿ, ಕೇಬಲ್ ಬಾಗುವ ಜಾಗದಲ್ಲಿ, ಇಲಿ ಕಡಿದ ಗುರುತಿತ್ತು. ಅಲ್ಲಿ ಕೆಂಪು ಬೆಳಕು ನಿಗಿನಿಗಿ ಉರಿಯುತ್ತಿತ್ತು. ಪರಸಪ್ಪ ಕೆಳಗೆ ಕುಳಿತು ಅದರ ಹತ್ತಿರ ಬೆರಳು ಹಿಡಿದ. ಬೆರಳು ಕೆಂಪಾಯಿತು. ತನ್ನ ಬೆಳಕು ಎಂದೂ ಇಷ್ಟು ದೂರ ಬಂದಿರಲಿಲ್ಲ, ಇಷ್ಟು ಉರಿದೂ ಇರಲಿಲ್ಲ.

ಆ ತುಂಡು ತೆಗೆದು ಎಳೆಯನ್ನು ಬೆಸೆದರು. ಸತ್ತದ್ದು ಜೀವ ಹಿಡಿಯಿತು. ಆದರೆ ಪರಸಪ್ಪನಿಗೆ ಸಮಾಧಾನವಿಲ್ಲ. ಇವತ್ತೇ ಯಾಕೆ ಬೆಳಕು ಹೋಯಿತು? ಮೀನಾ ತಮ್ಮ ಭೂತಗನ್ನಡಿ ಕೊಟ್ಟರು. ಸುರುಳಿಯ ಒಂದು ಎಳೆಯನ್ನು ಸೂಜಿಗಳ ನಡುವೆ ಇಟ್ಟು ನೋಡಿದರೆ ಅದರ ಕೆಳಗೆ ಹಳದಿಯ ತೆಳುವಾದ ಹಾಸಿಗೆ. ಎಳೆ ಅದರ ಮೇಲೆ ಒಂದು ಕೂದಲಿಗಿಂತ ಕಡಿಮೆ ಎತ್ತರ ಎದ್ದು ಕುಳಿತಿತ್ತು.

"ಅದನ್ನ ಪೂರಾ ಸ್ವಚ್ಛ ಮಾಡಿ ಇನ್ನೊಮ್ಮೆ ಹಚ್ಚರಿ," ಅಂದರು ಮೀನಾ.

"ಬಾಯಾರ, ಹೋದದ್ದು ತಿರುಗಿ ಬರದಿದ್ರ?" ಅಂದ ಶಟ್ಟೆಪ್ಪ. ಈಗ ಅವನಿಗೂ ಆ ಬೆಳಕು ಬೇಕಾಗಿತ್ತು.

ಪರಸಪ್ಪ ಸಂದನ್ನು ತೊಳೆದು ಒರೆಸಿದ. ಎಳೆ ಇಟ್ಟು ಗುಂಡಿ ಒತ್ತಿದ. ಮತ್ತೆ ಆ ಹಳೆಯ ಮಂಕು ಬೆಳಕು, ಸುರುಳಿ ದಾಟದ್ದು. ಆಗ ಅವನಿಗೆ ತಿಳಿಯಿತು. ದೀಪ ಸೋತಿರಲಿಲ್ಲ. ಎಳೆ ದೀಪಕ್ಕಿಂತ ಒಂದಿಷ್ಟು ಕೆಳಗೆ ಮಲಗಿತ್ತು, ಬೆಳಕು ಅದರ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಮುದಕವ್ವನ ಭಂಡಾರ ಅದನ್ನು ಎತ್ತಿ ಸಮಕ್ಕೆ ತಂದಿತ್ತು.

"ಎಷ್ಟು ಹಾಕಿದ್ರಂತ ಕೇಳ್ರಿ ಮನ್ಯಾಗ," ಅಂದು ಮೀನಾ ಫೋನು ಅವನ ಮುಂದೆ ಸರಿಸಿದರು.

ಹೂಲಿಯಲ್ಲಿ ಕಿರಾಣಿ ಅಂಗಡಿಯ ಗಂಗಪ್ಪನ ಮನೆಗೆ ಫೋನು ಹೋಯಿತು. ಗಂಗಪ್ಪ ಕೂಗಿ ಕರೆದ. ಮುದಕವ್ವ ಏದುಸಿರು ಬಿಡುತ್ತ ಬಂದಳು.

"ಏನಾತ್ರಿ? ಆರಾಮದೀರಿಲ್ಲೋ?"

"ಆರಾಮದೇನಿ. ನನ್ನ ಸಲಕರಣಿಗೆ ಭಂಡಾರ ಹಾಕಿದ್ದಿಯೇನು?"

"ಹಾಕಿದ್ನಿ. ಬೈಯ್ಯೂದಿದ್ರ ಮನಿಗೆ ಬಂದು ಬೈರಿ, ಇಲ್ಲಿ ಗಂಗಪ್ಪಣ್ಣ ನಿಂತಾನ."

"ಬೈಯ್ಯೂದಲ್ಲ ಮಾರಾಯ್ತಿ. ಅದರಿಂದಽ ಬೆಳಕು ಹೋಗೇತಿ. ಎಷ್ಟು ಹಾಕಿದ್ದಿ ಹೇಳು, ಬಾಯಾರು ಕೇಳಾಕತ್ತಾರ."

"ಎಷ್ಟಂದ್ರ? ದೇವರಿಗೆ ಯಾರರ ಅಳದು ಹಾಕತಾರೇನು? ಕುಡುಗೋಲಿಗೆ ಹಾಕಿದಷ್ಟು ಹಾಕಿದ್ನಿ." ಅವಳ ದನಿಗೆ ಧೈರ್ಯ ಬಂದಿತ್ತು. "ಹಂಗಾರ ದಿನಾ ಒಂದು ಚಿಟಿಕಿ ಹಾಕಿ ಕಳಸ್ತೇನಿ ತಗೋರಿ."

"ಬ್ಯಾಡ, ಬ್ಯಾಡ," ಅಂದ ಪರಸಪ್ಪ, ನಗು ತಡೆಯಲಾರದೆ. ಮೀನಾ ಕೂಡ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

"ಪ್ರತಿ ಚೀಲದಾಗ ಭಂಡಾರದ ಗಂಟು ಕಟ್ಟಿ ಕಳಸಾಕ ಆಗೂದಿಲ್ಲ ಪರಸಪ್ಪ," ಅಂದರು ಅವರು. "ಎಳೀನ ಅಷ್ಟಽ ಎತ್ತೂ ಹಂಗ ಏನರ ಮಾಡ್ರಿ. ನಮಗ ಒಂದು, ಬೈಲಹೊಂಗಲಕ್ಕ ಒಂದು ಬೇಕು."

ದೀಪಾವಳಿಯ ಹೊತ್ತಿಗೆ ಪರಸಪ್ಪ ಸೂಜಿಗಳ ಕೆಳಗೆ ಕೈಗಡಿಯಾರದ ಒಂದು ಸಣ್ಣ ತಿರುಪು ಕೂಡಿಸಿದ. ತಿರುವಿದರೆ ಸೂಜಿಗಳು ಕೂದಲಿನ ಎಳೆಯಷ್ಟು ಮೇಲೇಳುತ್ತಿದ್ದವು, ಕೂದಲಿನ ಎಳೆಯಷ್ಟು ಇಳಿಯುತ್ತಿದ್ದವು. ಬೈಲಹೊಂಗಲದ ಚೀಲಕ್ಕೆ ಹೋಗುವುದನ್ನು ಕಟ್ಟುವ ಮೊದಲು ಅವನು ಅಡುಗೆಮನೆಯಲ್ಲಿ ಮುದಕವ್ವನ ಕೈಗೆ ಕೊಟ್ಟ. ಅವಳು ತುದಿನಾಲಿಗೆ ಕಚ್ಚಿಕೊಂಡು ತಿರುಪನ್ನು ಮೆಲ್ಲಗೆ ತಿರುವಿದಳು. ಸುರುಳಿಯ ಆಚೆ ತುದಿ ಬರಬರುತ್ತ ಕೆಂಪಾಯಿತು, ರೊಟ್ಟಿಯ ಹಂಚಿನ ಬದಿಯ ಗೋಡೆಯ ಮೇಲೆ ಒಂದು ಚುಕ್ಕೆ ಮೂಡಿತು.

"ಸಾಕೇನ್ರಿ?" ಅಂದಳು.

"ಇನ್ನಾ ಒಂಚೂರು," ಅಂದ ಪರಸಪ್ಪ.